ಸ್ಪೀಡ್‌ಬಟನ್ ಮ್ಯಾಲ ಮೂರೂ ಐಕಾನ್ ಒಮ್ಮೆಲೇ ಕಾಣಸ್ತಾವ, ಏನ್ ಮಾಡ್ಲಿ?

ಹುಬ್ಬಳ್ಳಿಯಿಂದ:
ನಮಸ್ಕಾರ್ರಿ, ಬ್ಯಾಡಗಿ ಮೆಣಸಿನಕಾಯಿ ದಲಾಲಿ ಅಂಗಡಿಗೆ ಡೆಲ್ಫಿ 7 ಅನ್ನೂ ಪ್ರೋಗ್ರಾಮ್ ಬರಿಯೂ ಸಾಧನದಾಗ ಬಿಲ್ಲಿನ ಪ್ರೋಗ್ರಾಮ್ ಮಾಡಾಕತ್ತೀನಿ. ಪ್ರಿಂಟ್ ಬಟನ್ ಅಂದ್ರ ಸ್ಪೀಡ್‌ಬಟನ್, ಡೆಲ್ಫಿಯ ಚಿತ್ರ ಹಾಕೂ ಬಟನ್; ಅದಕ್ಕ ಒಂದ ಬಿಎಂಪಿ ಚಿತ್ರದ ಫೈಲ್‌ನಾಗ ಮೂರು ಐಕಾನ್ ಸಾಲಾಗಿ ಇಟ್ಟೀನಿ, ಮೊದಲ ಸಾದಾ, ಆಮ್ಯಾಲೆ ಒತ್ತಿದಾಗಿಂದು, ಕಡೀಕ ಬೂದಿ ಬಣ್ಣದ್ದು, ಒಂದೊಂದು 20 ಪಿಕ್ಸೆಲ್ ಅಗಲ 24 ಪಿಕ್ಸೆಲ್ ಎತ್ತರ. ಲೋಡ್ ಮಾಡಿದ್ರ ಮೂರೂ ಒಟ್ಟಿಗೇ ಬಟನ್ ಮ್ಯಾಲ ಕುಂಡ್ರತಾವ. ನಮ್‌ಗ್ಲಿಫ್ಸ್ (ಫೈಲ್‌ನಾಗ ಎಷ್ಟು ಚಿತ್ರ ಅಂತ ಹೇಳೂ ಸೆಟ್ಟಿಂಗ್) 3 ಅಂತ ಕೈಲೇ ಹಾಕಿದ್ರ ಒಂದ ಕಾಣಸ್ತೈತಿ ಖರೆ, ಆದ್ರ ತೂಕ ಬರಿಯೂತನಕ ಬಟನ್ ಬಂದ್ ಇರಬೇಕಲ್ರಿ, ಆವಾಗ ಒತ್ತಿದ ಚಿತ್ರ ಬರ್ತೈತಿ, ಗುಮಾಸ್ತರು ಪ್ರಿಂಟ್ ಹೊಂಟೈತಿ ಅಂತ ತಿಳ್ಕೊಂಡು ಕಾಯ್ತಾರ. ಐಕಾನ್ ಅಂಚಿಗೆ ಗುಲಾಬಿ ಗೆರಿ ಬ್ಯಾರೆ.

ಗದಗಿನಿಂದ:
ಅಗಲಾನ ಎತ್ತರದಿಂದ ಭಾಗಿಸಿದ್ರ ಶೇಷ ಉಳೀಬಾರದ್ರಿ, ಆವಾಗಷ್ಟ ಡೆಲ್ಫಿ ತಾನೇ ಎಷ್ಟು ಚಿತ್ರ ಅಂತ ಲೆಕ್ಕಾ ಹಿಡೀತೈತಿ. ನಿಮ್ದು 60ಕ್ಕ 24, ಕೂಡಂಗಿಲ್ಲ. ಒಂದೊಂದನ್ನೂ 24ಕ್ಕ 24 ಮಾಡ್ರಿ, ಒಟ್ಟು 72 ಆಗ್ತೈತಿ, 3 ತಾನೇ ಬರ್ತೈತಿ.
ಇನ್ನ ಸಾಲು. ಮೊದಲ ಸಾದಾ, ಎರಡನೇದು ಬಂದ್ ಇದ್ದಾಗಿಂದು, ಮೂರನೇದು ಒತ್ತಿದಾಗಿಂದು, ಇದು ಬದಲಾಗಂಗಿಲ್ರಿ. ನಿಮ್ಮ ಎರಡು, ಮೂರು ಅದಲು ಬದಲು ಮಾಡಿದ್ರ ಗುಮಾಸ್ತರ ತ್ರಾಸ ತಪ್ಪತೈತಿ. ಒಂದ ಚಿತ್ರ ಕೊಟ್ರ ಬಂದ್ ಇದ್ದಾಗಿಂದನ್ನ ಡೆಲ್ಫಿನ ತಯಾರ್ ಮಾಡ್ತೈತಿ, ಆದ್ರ ಬಾಳ ಬಣ್ಣದ ಐಕಾನ್ ಇದ್ರ ಬರೇ ಬೂದಿ ಕಲೆ ಆಗಿ ಏನೂ ತಿಳಿಯಂಗಿಲ್ಲ, ನೀವು ಕೈಲೇ ಬರದದ್ದ ಚಲೋ.

ಹುಬ್ಬಳ್ಳಿಯಿಂದ:
ಬಾಳ ಉಪಕಾರ ಆತ್ರಿ, ಎರಡೂ ಸರಿ ಆದೂ. ಗುಲಾಬಿ ಗೆರಿ ಮಾತ್ರ ಹಂಗ ಐತಿ. ಮತ್ತ 'ಉದ್ರಿ' ಬಟನ್ ಒಮ್ಮೆ ಒತ್ತಿದ್ರ ಒತ್ತೇ ಇರಬೇಕು, ಅದಕ್ಕ ಬ್ಯಾರೆ ಚಿತ್ರ ಹೆಂಗ?

ಧಾರವಾಡದಿಂದ:
ಐಕಾನ್ ಸಾಲಿನ ಚಿತ್ರದ ಎಡಗಡೆ ಕೆಳಗಿನ ಮೂಲ್ಯಾಗ ಯಾವ ಬಣ್ಣದ ಪಿಕ್ಸೆಲ್ ಅದನೋ ಅದೊಂದ ಬಣ್ಣ ಪಾರದರ್ಶಕ ಆಗ್ತದ. ನೀವು ಅಂಚು ನುಣುಪು ಮಾಡಿರಬೇಕು ನೋಡ್ರಿ, ಅಲ್ಲಿ ಹಿನ್ನೆಲಿಯ ಗುಲಾಬಿ ಕಲತು ಬ್ಯಾರೆ ಬ್ಯಾರೆ ಛಾಯಾ ಆಗ್ಯಾವ, ಅವು ಹೋಗೂದಿಲ್ಲ. ಆಂಟಿಅಲಿಯಾಸ್ (ಅಂಚು ನುಣುಪು ಮಾಡೂದು) ತಗದು ಬರೀರಿ, ಇಲ್ಲಾ ಹಿನ್ನೆಲಿ ಬಟನ್ ಬಣ್ಣದ ಸಮೀಪದ ಬೂದಿ ಇಡ್ರಿ, ಆದ್ರ ಅದ ಬೂದಿ ಐಕಾನ್ ಒಳಗ ಬರಬಾರದು, ಬಂದ್ರ ಅಲ್ಲಿ ತೂತು ಬೀಳ್ತದ. ನಡುವ ಜೆಪೆಗ್ ಮಾಡಿ ಉಳಿಸಬ್ಯಾಡ್ರಿ, ಬಣ್ಣಾ ಎಲ್ಲಾ ಕೆಡ್ತಾವ.
ಉದ್ರಿ ಬಟನ್ನಿಗೆ ಒತ್ತೇ ಇದ್ದಾಗ ಕಾಣೂ ನಾಲ್ಕನೇ ಚಿತ್ರ ಹಾಕ್ರಿ, 96ಕ್ಕ 24. ಗ್ರೂಪ್‌ಇಂಡೆಕ್ಸ್ (ಬಟನ್ ಯಾವ ಗುಂಪಿಂದು ಅಂತ ಹೇಳೂ ಸಂಖ್ಯಾ) ಸೊನ್ನೆ ಬಿಟ್ಟು ಬ್ಯಾರೆ ಯಾವದರ ಸಂಖ್ಯಾ ಕೊಡ್ರಿ, ಆ ಗುಂಪಿನ್ಯಾಗ ಅದೊಂದ ಬಟನ್ ಇರಲಿ, ಮತ್ತ ಅಲೌಆಲ್‌ಅಪ್ (ಗುಂಪಿನ ಎಲ್ಲಾ ಬಟನ್ ಮ್ಯಾಲ ಇರಬಹುದು ಅನ್ನೂ ಸೆಟ್ಟಿಂಗ್) ಟ್ರೂ ಮಾಡ್ರಿ, ಇಲ್ಲಂದ್ರ ಒಮ್ಮೆ ಒತ್ತಿದ್ದು ಮತ್ತ ಮ್ಯಾಲ ಏಳೂದಿಲ್ಲ. ಡೆಲ್ಫಿಯ ಇನ್ನೊಂದು ಚಿತ್ರದ ಬಟನ್, ಬಿಟ್‌ಬಟನ್‌ನಾಗ ಈ ಸೌಲಭ್ಯ ಇಲ್ಲ, ಸ್ಪೀಡ್‌ಬಟನ್ನ ಬೇಕು.