ಅಪ್‌ಡೇಟ್: ಕೊನೆಗೆ 40 ವ್ಯಾಟ್‌ನ ಸ್ಪೀಕರ್ ಜೋಡಿಯೇ ಮನೆಗೆ ಬಂತು

ಹೋದ ತಿಂಗಳು ಇಲ್ಲಿ ಕೇಳಿದ್ದೆ: ತುಮಕೂರಿನ ನಮ್ಮ ಚಿಕ್ಕ ಹಾಲ್‌ಗೆ 2000 ವ್ಯಾಟ್ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಶಕ್ತಿ ತೋರಿಸುವ ಜಾಹೀರಾತಿನ ಲೆಕ್ಕ) ಸೆಟ್ಟೋ, 40 ವ್ಯಾಟ್ ಆರ್‌ಎಂಎಸ್ (ಸತತವಾಗಿ ಕೊಡುವ ಶಕ್ತಿಯ ಲೆಕ್ಕ) ಸ್ಪೀಕರ್ ಜೋಡಿಯೋ ಅಂತ. ಚಿಕ್ಕದನ್ನೇ ತಂದೆ.

ನೀವು ಹೇಳಿದಂತೆ ಅಂಗಡಿಯ ಡೆಮೊ ಬೇಡ ಅಂದು, ನನಗೆ ಬಾಯಿಪಾಠ ಆಗಿರುವ ಒಂದು ಸಂಗೀತ ಕಛೇರಿಯ ರೆಕಾರ್ಡಿಂಗ್ ಹಾಕಿಸಿದೆ. ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದೆವು. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ, ಅಲ್ವಾ? ದೊಡ್ಡ ಸೆಟ್ಟಿನಲ್ಲಿ ಮೃದಂಗದ ಎಡಬದಿ ಸುಮ್ನೆ ಗುಂಯ್ ಅಂತಿತ್ತು. ಚಿಕ್ಕದರಲ್ಲಿ ಬೆರಳು ಬಿದ್ದದ್ದೂ ಗಾಯಕಿ ಉಸಿರೆಳೆದದ್ದೂ ಕೇಳಿಸಿತು. ಅಷ್ಟಕ್ಕೂ ವ್ಯಾಟ್ ಎರಡರಷ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ, ಕಿವಿಗೆ ತುಸುವೇ ಜೋರು.

ಮನೆಯಲ್ಲಿ ಮೊದಲು ಮೂಲೆಗೆ ತಳ್ಳಿದ್ದೆ, ಬೇಸ್ (ತಗ್ಗು ಸ್ವರದ ಸದ್ದು) ಊದಿಕೊಂಡಿತು. ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆಳೆದೆ, ಸರಿಹೋಯಿತು. ಈಗ ಕಸ ಗುಡಿಸಲು ಅಡ್ಡ ಅಂತ ಅಮ್ಮನ ತಕರಾರು.