ಅಪ್‌ಡೇಟ್: ಹೋಮ್ಸ್–ವಾಟ್ಸನ್ ಗಾಯದ ದೃಶ್ಯ ಕೊನೆಗೂ ಕೂಡಿಬಂತು

ಪತ್ತೇದಾರ ಷರ್ಲಾಕ್ ಹೋಮ್ಸ್ ಮತ್ತವನ ಗೆಳೆಯ ವಾಟ್ಸನ್ ಬಗ್ಗೆ ನಾನು ಬರೀತಿರೋ ಫ್ಯಾನ್ ಫಿಕ್ಷನ್‌ನಲ್ಲಿ (ಅಭಿಮಾನಿಗಳು ಬರೆಯುವ ಕಥೆ) ವಾಟ್ಸನ್‌ಗೆ ಗುಂಡೇಟು ಬಿದ್ದ ಬೆನ್ನಲ್ಲೇ ಪ್ರೇಮನಿವೇದನೆ ಬಂದು ಕೃತಕ ಅನ್ನಿಸ್ತಿದೆ ಅಂತ ಹೋದ ವಾರ ಕೇಳಿದ್ದೆ. ಜ್ವರ, ಕನವರಿಕೆ ಸೇರಿಸುವ ಸಲಹೆ ಕೈಕೊಟ್ಟಿತು; ಪ್ರಜ್ಞೆಯಿಲ್ಲದವನ ಮಾತಿಗೆ ತೂಕ ಬರಲಿಲ್ಲ. ಫಲಿಸಿದ್ದು ‘ಪ್ರಥಮ ಚಿಕಿತ್ಸೆಯನ್ನೇ ದೃಶ್ಯ ಮಾಡಿ’ ಎಂದವರ ಮಾತು. ರಕ್ತ ನಿಲ್ಲಲು ಬಟ್ಟೆಯಿಟ್ಟು 10 ನಿಮಿಷ ಒಂದೇ ಸಮ ಒತ್ತಿಹಿಡಿಯಬೇಕು. ನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತು ಮತ್ತೆ ಸುರಿಯುತ್ತೆ. ಬಟ್ಟೆ ನೆಂದರೆ ಅದರ ಮೇಲೇ ಇನ್ನೊಂದು. ಅಂದರೆ ಅಷ್ಟು ಹೊತ್ತೂ ಹೋಮ್ಸ್ ಕೈ ತೆಗೆಯುವಂತಿಲ್ಲ! ವಾಟ್ಸನ್ ಡಾಕ್ಟರ್ ಆದ್ದರಿಂದ ‘ಇನ್ನೂ ಗಟ್ಟಿಯಾಗಿ ಒತ್ತು’ ಅನ್ನೋನೂ ಅವನೇ. ಪ್ರೀತಿ ಅನ್ನೋ ಪದವೇ ಬೇಕಾಗಲಿಲ್ಲ.

ಅಚ್ಚರಿಯೆಂದರೆ, ಕಾನನ್ ಡಾಯ್ಲ್ ಬರೆದ ಮೂಲದ ‘ತ್ರೀ ಗ್ಯಾರಿಡೆಬ್ಸ್’ ಕಥೆಯಲ್ಲೂ ವಾಟ್ಸನ್ ತೊಡೆಗೆ ಗುಂಡು ತಾಗಿದಾಗ ಹೋಮ್ಸ್ ಚಾಕುವಿನಿಂದ ಪ್ಯಾಂಟ್ ಸೀಳಿ ನೋಡ್ತಾನೆ. ಗಾಯ ಆಳವಿರಲ್ಲ, ಗಾಬರಿ ಮಾತ್ರ ಆಳ. ನಾನೂ ಗಾಯ ಚಿಕ್ಕದು ಮಾಡಿದೆ.