ಕಳ್ಳಿ ಗಿಡಗಳ ಲ್ಯಾಟಿನ್ ಹೆಸರು: ಲೇಬಲ್ ಮೇಲೆ ಯಾವುದನ್ನು ಬರೆಯಬೇಕು?

ತಾರಸಿತೋಟ: ಹಳದಿ ಮುಳ್ಳಿನ ಗುಂಡು ಕಳ್ಳಿಗೆ ಒಂದು ನರ್ಸರಿಯವರು ಎಕಿನೊಕ್ಯಾಕ್ಟಸ್ ಗ್ರುಸೋನಿ ಅಂತಲೂ ಇನ್ನೊಬ್ಬರು ಕ್ರೋನ್‌ಲೈನಿಯಾ ಗ್ರುಸೋನಿ ಅಂತಲೂ ಬರೆದಿದ್ದಾರೆ. ಎರಡೂ ಒಂದೇನಾ? ಈ ಹೆಸರುಗಳ ಅರ್ಥ ಗೊತ್ತಿದ್ದರೆ ಗಿಡ ಗುರುತಿಸಲು ಅನುಕೂಲ ಆಗುತ್ತದಾ?

ಮುಳ್ಳುಕುಂಡ: ಒಂದೇ ಗಿಡ. ಗ್ರುಸೋನ್ ಜರ್ಮನಿಯ ಮಾಗ್ಡೆಬುರ್ಗ್‌ನ ಉದ್ಯಮಿ, ದೊಡ್ಡ ಕಳ್ಳಿ ಸಂಗ್ರಹ ಇಟ್ಟಿದ್ದವರು. 2014ರಲ್ಲಿ ಕುಲ (ಹೆಸರಿನ ಮೊದಲ ಪದ) ಬದಲಾಯಿತು, ಗ್ರುಸೋನಿ ಹಾಗೇ ಉಳಿಯಿತು. ಕುಲ ಬದಲಾದರೆ ಎರಡನೇ ಪದ ಸಾಮಾನ್ಯವಾಗಿ ಜೊತೆಗೇ ಹೋಗುತ್ತದೆ. ವಿಶೇಷಣವಾಗಿದ್ದರೆ ಕುಲದ ಹೆಸರಿನ ಲಿಂಗಕ್ಕೆ ತಕ್ಕಂತೆ ಕೊನೆ ಮಾತ್ರ ತಿರುಗುತ್ತದೆ. ನೋಟೊಕ್ಯಾಕ್ಟಸ್ ಮ್ಯಾಗ್ನಿಫಿಕಸ್ ಈಗ ಪರೋಡಿಯಾ ಮ್ಯಾಗ್ನಿಫಿಕಾ. ಹಾಗಾಗಿ ಹುಡುಕುವಾಗ ಎರಡನೇ ಪದ ಹಿಡಿದು ಹುಡುಕಿ. ಲೇಬಲ್‌ನಲ್ಲಿ ಹೊಸ ಹೆಸರು, ಹಿಂಬದಿಗೆ ಹಳೆಯದು. ಪೆನ್ಸಿಲ್‌ನಲ್ಲೇ ಬರೆಯಿರಿ, ಮಾರ್ಕರ್ ಬಿಸಿಲಿಗೆ ಮಾಸಿಹೋಗುತ್ತದೆ.

ಕಲ್ಲುಮಣ್ಣು: ವ್ಯಕ್ತಿಗಳ ಹೆಸರಿನಿಂದ ಗುರುತಿಗೆ ಏನೂ ಸಿಗಲ್ಲ. ಲಕ್ಷಣ ಹೇಳುವ ಹೆಸರುಗಳು ಮಾತ್ರ ಕೆಲಸಕ್ಕೆ ಬರುತ್ತವೆ. ಜಿಮ್ನೋಕ್ಯಾಲಿಸಿಯಮ್ ಅಂದರೆ ಬರಿಮೈ ಪುಷ್ಪಪಾತ್ರೆ: ಮೊಗ್ಗಿನ ಮೇಲೆ ನುಣುಪಾದ ಹುರುಪೆಗಳಷ್ಟೇ ಇರುತ್ತವೆ, ಕೂದಲೂ ಇಲ್ಲ, ಮುಳ್ಳೂ ಇಲ್ಲ. ಆದರೆ ಅಂಗಡಿಯ ಕೆಂಪು ತಲೆಯ ಗಿಡಕ್ಕೆ ಈ ಹೆಸರು ಅರ್ಧ ಮಾತ್ರ ಸರಿ. ಕೆಂಪು ಭಾಗಕ್ಕೆ ಆಹಾರ ತಯಾರಿಸುವ ಪತ್ರಹರಿತ್ತಿಲ್ಲ, ಅದನ್ನು ಕಸಿ ಕಟ್ಟಿರುತ್ತಾರೆ. ಕೆಳಗಿನ ಮೂರು ಏಣಿನ ಹಸಿರು ಕಾಂಡ ಸಾಮಾನ್ಯವಾಗಿ ಡ್ರ್ಯಾಗನ್ ಫ್ರೂಟ್‌ನದು, ಸೆಲೆನಿಸೀರಿಯಸ್ ಉಂಡೇಟಸ್. ಉಂಡೇಟಸ್ ಅಂದರೆ ಅಲೆಅಲೆ, ಏಣಿನ ಅಂಚು ನೋಡಿದರೆ ತಿಳಿಯುತ್ತದೆ.

ಆಸ್ಟ್ರೋಫೈಟಮ್ ಮಿರಿಯೋಸ್ಟಿಗ್ಮಾ (ನಕ್ಷತ್ರ ಗಿಡ, ಅಸಂಖ್ಯ ಚುಕ್ಕೆ) ತಂದವರು ಆ ಬಿಳಿ ಚುಕ್ಕೆಗಳನ್ನು ಹಿಟ್ಟು ತಿಗಣೆ ಅಂದುಕೊಂಡು ಬ್ರಶ್‌ನಲ್ಲಿ ಉಜ್ಜುತ್ತಾರೆ. ಅವು ಗಿಡದ್ದೇ ರೋಮಗಳು. ಉಜ್ಜಿದ ಜಾಗದಲ್ಲಿ ಮತ್ತೆ ಬರಲ್ಲ. ತಿಗಣೆ ಆಗಿದ್ದರೆ ಏಣುಗಳ ಸಂದಿಯಲ್ಲಿ, ಬುಡದಲ್ಲಿ ಹತ್ತಿಯಂತೆ ಗುಂಪಾಗಿರುತ್ತದೆ, ಮುಟ್ಟಿದರೆ ಅಂಟುತ್ತದೆ.

ಓಪನ್‌ಷಿಯಾ ಮೈಕ್ರೋಡ್ಯಾಸಿಸ್‌ನ ‘ಸಣ್ಣ ರೋಮ’ವನ್ನು ಮಾತ್ರ ಸಾಧು ಅಂದುಕೊಳ್ಳಬೇಡಿ. ಕೈಗೆ ಚುಚ್ಚಿದರೆ ಉಜ್ಜದೆ ಟೇಪ್ ಅಂಟಿಸಿ ಕೀಳಿ.

ತಾರಸಿತೋಟ: ಬ್ರಹ್ಮಕಮಲ?

ಮುಳ್ಳುಕುಂಡ: ಎಪಿಫಿಲಮ್ ಆಕ್ಸಿಪೆಟಾಲಮ್: ಎಲೆ ಮೇಲೆ, ಚೂಪು ದಳ. ಆ ‘ಎಲೆ’ ನಿಜಕ್ಕೂ ಚಪ್ಪಟೆ ಕಾಂಡ, ಅದಕ್ಕೇ ತುಂಡು ನೆಟ್ಟರೆ ಚಿಗುರುತ್ತದೆ. ಹಿಮಾಲಯದ ಬ್ರಹ್ಮಕಮಲ ಸೂರ್ಯಕಾಂತಿ ಕುಟುಂಬದ್ದು, ಸಂಬಂಧವೇ ಇಲ್ಲ.

ಕಲ್ಲುಮಣ್ಣು: ಇನ್ನೊಂದು ವಿಷಯ, ಮುರಿದಾಗ ಹಾಲು ಸುರಿಸುವ ನಮ್ಮ ಬೇಲಿಗಳ್ಳಿಗಳು ಯೂಫೋರ್ಬಿಯಾ, ಕ್ಯಾಕ್ಟಸ್ ಅಲ್ಲ. ಕ್ಯಾಕ್ಟಸ್‌ನಲ್ಲಿ ಮುಳ್ಳು ಹುಟ್ಟುವಲ್ಲಿ ಉಣ್ಣೆಯಂಥ ಮೆತ್ತನೆಯ ಬೊಟ್ಟು ಇರುತ್ತದೆ. ಯೂಫೋರ್ಬಿಯಾ ತಿರುಕಲ್ಲಿಯ ಎರಡನೇ ಪದ ಸಸ್ಯಶಾಸ್ತ್ರಜ್ಞ ಲಿನೇಯಸ್‌ಗೆ ಸಿಕ್ಕಿದ್ದು ಮಲಬಾರಿನಿಂದ. ಅದರೊಳಗಿನ ‘ಕಳ್ಳಿ’ ನಮಗೂ ಗೊತ್ತಿರುವುದೇ.